ನಾಲ್ಕು ಜನರ ನಡುವೆ ಮತ್ತೆ ಹೋಗಿ ಕೂರೋದು ಹೇಗೆ

“ಮಾತ್ರೆ ತಗೊಂಡ್ಯಾ?”

ಈ ಪ್ರಶ್ನೆ ನಿಮಗೂ ಪರಿಚಯ ಇರಬೇಕು. ಜೋರಾಗಿ ನಕ್ಕರೆ ಮಾತ್ರೆ ತಗೊಂಡ್ಯಾ, ಯಾರ ಮೇಲಾದರೂ ರೇಗಿದರೆ ಮಾತ್ರೆ ತಗೊಂಡ್ಯಾ, ರಜೆ ದಿನ ಒಂದು ಗಂಟೆ ಜಾಸ್ತಿ ಮಲಗಿದರೂ ಬಾಗಿಲ ಹತ್ತಿರ ಯಾರಾದರೂ ಬಂದು ನಿಂತು ಮೆತ್ತಗೆ ಅದನ್ನೇ ಕೇಳುತ್ತಾರೆ. ನನಗೆ ಬೈಪೋಲಾರ್ ಇದೆ, ಅಂದರೆ ಮನಸ್ಸು ಕೆಲವು ಸಲ ವಿಪರೀತ ಹುರುಪಿಗೆ ಏರಿ, ಕೆಲವು ಸಲ ಪೂರ್ತಿ ಮಂಕಿಗೆ ಇಳಿಯುವ ಕಾಯಿಲೆ ಇದೆ ಅಂತ ಗೊತ್ತಾಗಿ ಹನ್ನೊಂದು ವರ್ಷ ಆಯಿತು. ಎರಡು ಸಲ ಆಸ್ಪತ್ರೆ ಸೇರಿದ್ದೆ. ಕಾಯಿಲೆಯ ಕಷ್ಟಕ್ಕೆ ಡಾಕ್ಟರು ಇದ್ದರು, ಮಾತ್ರೆ ಇತ್ತು, ಮುಂದಿನ ಸಲ ಯಾವತ್ತು ಬರಬೇಕು ಅನ್ನೋ ಚೀಟಿ ಇತ್ತು. ಹೊರಗೆ ಬಂದಮೇಲೆ ಜನರ ನಡುವೆ ಹೇಗೆ ಹೋಗಿ ಕೂರಬೇಕು ಅನ್ನೋದಕ್ಕೆ ಯಾವ ಚೀಟಿಯೂ ಇರಲಿಲ್ಲ. ತಪ್ಪು ಮಾಡಿ ಮಾಡಿ ಕಲಿತಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ನಾನು ಡಾಕ್ಟರಲ್ಲ. ನಿಮ್ಮ ಚಿಕಿತ್ಸೆ ನಡೆಯುತ್ತಿದೆ ಅಂದುಕೊಂಡೇ ಬರೆದಿದ್ದೇನೆ. ಈಗ ತುಂಬಾ ಹುಷಾರಿಲ್ಲದಿದ್ದರೆ, ಸಾಯಬೇಕು ಅನ್ನೋ ಯೋಚನೆ ಬರುತ್ತಿದ್ದರೆ, ಓದೋದು ಇಲ್ಲಿಗೇ ನಿಲ್ಲಿಸಿ ಹತ್ತಿರ ಇರುವ ಒಬ್ಬರಿಗೆ ಈಗಲೇ ಹೇಳಿ, ಅವರ ಜೊತೆ ಆಸ್ಪತ್ರೆಗೆ ಹೋಗಿ. ಜನ ಏನಂತಾರೆ ಅನ್ನೋ ಲೆಕ್ಕ ಆಮೇಲೆ ಮಾಡೋಣ.

ಆ ನಾಲ್ಕು ಜನ ಯಾರು?

‘ನಾಲ್ಕು ಜನ ಏನಂತಾರೆ’ ಅನ್ನೋದನ್ನು ಕೇಳಿಕೊಂಡೇ ಬೆಳೆದವರು ನಾವು. ಒಂದು ದಿನ ಕೂತು ಆ ನಾಲ್ಕು ಜನರ ಹೆಸರು ಬರೆಯಿರಿ. ತಮಾಷೆಗೆ ಹೇಳುತ್ತಿಲ್ಲ, ಪೆನ್ನು ತಗೊಂಡು ನಿಜವಾಗಲೂ ಬರೆಯಿರಿ. ನಾನು ಬರೆದಾಗ ಎರಡನೇ ಹೆಸರಿಗೇ ನಿಂತುಹೋಯಿತು. ಒಬ್ಬರು ಹಳೇ ಆಫೀಸಿನಲ್ಲಿ ಪಕ್ಕ ಕೂರುತ್ತಿದ್ದವರು, ಇನ್ನೊಬ್ಬರು ಒಬ್ಬ ಸಂಬಂಧಿ. ಮಿಕ್ಕವರಿಗೆ ಮುಖವೇ ಇರಲಿಲ್ಲ.

ಆಮೇಲೆ ಇನ್ನೊಂದು ಹಾಳೆಯ ಮಧ್ಯೆ ಗೆರೆ ಎಳೆಯಿರಿ. ಎಡಗಡೆ ‘ಆಗಿದ್ದು’, ಬಲಗಡೆ ‘ನಾನು ಅಂದುಕೊಂಡಿದ್ದು’. ಎರಡು ವಾರ, ದಿನಾ ಐದು ನಿಮಿಷ ಸಾಕು. ಎಡಗಡೆಗೆ ಕಣ್ಣಿಗೆ ಕಂಡಿದ್ದು, ಕಿವಿಗೆ ಬಿದ್ದಿದ್ದು ಮಾತ್ರ. ‘ನನ್ನನ್ನು ನೋಡಿ ಏನೋ ಮಾತಾಡಿಕೊಂಡರು’ ಅನ್ನೋದು ಬಲಗಡೆಗೆ ಹೋಗಬೇಕು, ಏನು ಮಾತಾಡಿಕೊಂಡರು ಅಂತ ನಿಮಗೆ ಕೇಳಿಸಿಲ್ಲವಲ್ಲ.

ನನ್ನ ಎಡಗಡೆ ಐದೇ ಸಾಲು ಇದ್ದವು. ಬಲಗಡೆ ಒಂದೂವರೆ ಪುಟ. ಹಾಗಂತ ಎಲ್ಲಾ ಬರೀ ನನ್ನ ಕಲ್ಪನೆ ಅಂತ ತಳ್ಳಿಹಾಕೋಕೆ ಅಲ್ಲ ಈ ಲೆಕ್ಕ, ಆ ಐದು ಸಾಲು ನಿಜಕ್ಕೂ ಚುಚ್ಚುವಂಥವೇ ಆಗಿದ್ದವು. ಒಂದು ಈಗಲೂ ನೆನಪಿದೆ. ಒಬ್ಬರ ಮನೆಗೆ ಹೋಗಿದ್ದೆ. ಪುಟ್ಟ ಮಗು ನನ್ನ ಕಡೆ ಕೈ ಚಾಚಿತು, ನಾನೂ ಎತ್ತಿಕೊಳ್ಳೋಕೆ ಬಗ್ಗಿದೆ, ಅಷ್ಟರಲ್ಲಿ ಅದರ ತಾಯಿ ‘ಅವಳಿಗೆ ನಿದ್ದೆ ಬಂದಿದೆ’ ಅಂತ ಎತ್ತಿಕೊಂಡು ಒಳಗೆ ಹೋದರು. ಮಗು ಆಗಷ್ಟೇ ಎದ್ದು ಬಂದಿತ್ತು, ಕೆನ್ನೆ ಮೇಲೆ ದಿಂಬಿನ ಗೆರೆ ಇನ್ನೂ ಮಾಸಿರಲಿಲ್ಲ.

ಎರಡೂ ಕಡೆಗೆ ಮದ್ದು ಬೇರೆ ಬೇರೆ, ಅದಕ್ಕೇ ಬೇರೆ ಮಾಡೋದು. ಸಮಾಜಶಾಸ್ತ್ರಜ್ಞ ಬ್ರೂಸ್ ಲಿಂಕ್ 1980ರ ದಶಕದಲ್ಲೇ ಇದನ್ನು ಬಿಡಿಸಿ ಹೇಳಿದ್ದರು. ‘ಹುಚ್ಚರು ಅಂದರೆ ಹೀಗೆ’ ಅನ್ನೋ ಅಭಿಪ್ರಾಯಗಳನ್ನು ನಾವು ಕಾಯಿಲೆ ಬರೋಕೆ ಎಷ್ಟೋ ವರ್ಷ ಮೊದಲೇ ಎಲ್ಲರ ಹಾಗೆ ಕಲಿತಿರುತ್ತೇವೆ. ಮುಂದೊಂದು ದಿನ ಡಾಕ್ಟರು ಕಾಯಿಲೆಯ ಹೆಸರು ಹೇಳಿದಾಗ ಆ ಹಳೇ ಪಾಠವೆಲ್ಲ ನಮ್ಮ ಮೇಲೇ ತಿರುಗಿ ಬೀಳುತ್ತದೆ. ಯಾರೂ ತಳ್ಳುವ ಮೊದಲೇ ನಾವೇ ಹಿಂದೆ ಸರಿಯುತ್ತೇವೆ. ಫೋನ್ ಎತ್ತೋದಿಲ್ಲ, ಕರೆದ ಕಡೆ ಹೋಗೋದಿಲ್ಲ, ಎರಡು ಸಲ ಹೋಗದಿದ್ದರೆ ಮೂರನೇ ಸಲ ಅವರು ಕರೆಯೋದಿಲ್ಲ, ‘ನೋಡಿದ್ಯಾ, ನಾನು ಹೇಳಿದ್ದು ನಿಜ ಆಯ್ತು’ ಅಂತ ನಾವು ಅಂದುಕೊಳ್ಳುತ್ತೇವೆ.

ಹಾಗಾಗಿ ಬಲಗಡೆಯ ಸಾಲುಗಳನ್ನು ಒಂದೊಂದಾಗಿ ಸಣ್ಣದಾಗಿ ಪರೀಕ್ಷೆ ಮಾಡಿ. ‘ಹಳೇ ಗೆಳೆಯ ನನ್ನ ಜೊತೆ ಮಾತಾಡೋದಿಲ್ಲ’ ಅಂತ ಬರೆದಿದ್ದರೆ, ಒಂದು ಮಾಮೂಲಿ ವಿಷಯಕ್ಕೆ ಫೋನ್ ಮಾಡಿ ನೋಡಿ. ಕಾಯಿಲೆಯ ಮಾತು ಬೇಡ. ಅವರ ಹತ್ತಿರ ಇರುವ ಒಂದು ಸ್ಕ್ರೂಡ್ರೈವರ್ ಕೇಳಿದರೂ ಆಯಿತು. ನಾನು ಹಾಗೆ ಐದು ಜನರಿಗೆ ಮಾಡಿದೆ. ಮೂವರು ಹಿಂದಿನಂತೆಯೇ ಮಾತಾಡಿದರು, ಒಬ್ಬರು ಎತ್ತಲಿಲ್ಲ, ಒಬ್ಬರು ಮಾತಾಡಿದರೂ ಬೇಗ ಮುಗಿಸಿದರು. ಐದರಲ್ಲಿ ಮೂರು ನಾನು ಅಂದುಕೊಂಡಿದ್ದಕ್ಕಿಂತ ಮೂರು ಜಾಸ್ತಿ.

ಇನ್ನೊಂದು ಮಾತು. ಬಲಗಡೆ ಪುಟಗಟ್ಟಲೆ ಬೆಳೆಯುತ್ತಾ ಹೋದರೆ, ದಾರಿಯಲ್ಲಿ ಹೋಗೋರೆಲ್ಲ ನಿಮ್ಮ ಬಗ್ಗೆಯೇ ಮಾತಾಡುತ್ತಿದ್ದಾರೆ ಅನ್ನಿಸಿದರೆ, ಅದರಲ್ಲಿ ಕಾಯಿಲೆಯ ಪಾಲೂ ಇರಬಹುದು. ಆ ಹಾಳೆಯನ್ನು ಹಾಗೇ ತಗೊಂಡು ಹೋಗಿ ಡಾಕ್ಟರಿಗೆ ತೋರಿಸಿ.

ಹೇಳೋದಾ, ಬೇಡವಾ

ಎಲ್ಲರೂ ಮೊದಲು ಕೇಳುವ ಪ್ರಶ್ನೆ ಇದೇ. ಅಮೆರಿಕದ ಮನಶ್ಶಾಸ್ತ್ರಜ್ಞ ಪ್ಯಾಟ್ರಿಕ್ ಕಾರಿಗನ್ ಈ ವಿಷಯದ ಮೇಲೆ ಬಹಳ ವರ್ಷ ಕೆಲಸ ಮಾಡಿದವರು, ತಮಗೂ ಮಾನಸಿಕ ಕಾಯಿಲೆ ಇದೆ ಅಂತ ಬಹಿರಂಗವಾಗಿ ಹೇಳಿಕೊಂಡವರು. ಅವರು ಐದು ಮೆಟ್ಟಿಲು ಹೇಳುತ್ತಾರೆ: ಜನರ ಸಹವಾಸವೇ ಬೇಡ ಅಂತ ದೂರ ಇರೋದು, ಜನರ ನಡುವೆ ಇದ್ದು ಮುಚ್ಚಿಡೋದು, ಆರಿಸಿಕೊಂಡ ಕೆಲವರಿಗೆ ಮಾತ್ರ ಹೇಳೋದು, ಮುಚ್ಚಿಡುವ ಗೋಜಿಗೇ ಹೋಗದಿರೋದು, ಕೊನೆಗೆ ತಾನೇ ಮುಂದೆ ಬಂದು ಊರಿಗೆಲ್ಲ ಹೇಳೋದು. ಇದನ್ನು ಏಣಿ ಅಂತ ತಿಳಿಯಬೇಡಿ, ಮೇಲಿನ ಮೆಟ್ಟಿಲಲ್ಲಿ ನಿಂತವರು ದೊಡ್ಡವರು ಅಂತೇನೂ ಇಲ್ಲ. ಮನೆಯಲ್ಲಿ ನಾಲ್ಕನೆಯದು, ಆಫೀಸಿನಲ್ಲಿ ಎರಡನೆಯದು, ಗೆಳೆಯರ ಜೊತೆ ಮೂರನೆಯದು ಅಂತ ಜಾಗಕ್ಕೆ ತಕ್ಕ ಹಾಗೆ ಇರಬಹುದು. ಮೊದಲನೆಯದೊಂದನ್ನು ಬಿಟ್ಟು ಯಾವುದಾದರೂ ಸರಿ ಅಂತ ನನ್ನ ಅನಿಸಿಕೆ.

ಮುಚ್ಚಿಡೋಕೂ ಖರ್ಚಿದೆ. ಸಮಾಜಶಾಸ್ತ್ರಜ್ಞ ಅರ್ವಿಂಗ್ ಗಾಫ್ಮನ್ 1963ರಲ್ಲೇ ಬರೆದಿದ್ದರು: ಕಣ್ಣಿಗೆ ಕಾಣದ ಕಳಂಕ ಇರುವವರು ಹೇಳಬೇಕಾ ಬೇಡವಾ, ಯಾರಿಗೆ, ಯಾವಾಗ, ಎಲ್ಲಿ ಅಂತ ಸದಾ ಲೆಕ್ಕ ಹಾಕುತ್ತಲೇ ಇರಬೇಕು. ಯಾರಿಗೆ ಏನು ಸುಳ್ಳು ಹೇಳಿದ್ದೆ ಅಂತ ನೆನಪಿಟ್ಟುಕೊಳ್ಳೋದೇ ಒಂದು ಪಾರ್ಟ್ ಟೈಮ್ ಕೆಲಸ. ನಾನು ಒಬ್ಬರಿಗೆ ಟೈಫಾಯಿಡ್ ಅಂದಿದ್ದೆ, ಇನ್ನೊಬ್ಬರಿಗೆ ಬೆನ್ನು ನೋವು. ಅವರಿಬ್ಬರೂ ಒಂದೇ ದಿನ ಒಂದೇ ಕಡೆ ಸಿಕ್ಕರು. ಆ ಕತೆ ಬೇಡ ಬಿಡಿ.

ಹೇಳುವ ಮೊದಲು ಒಂದೇ ಪ್ರಶ್ನೆ ಕೇಳಿಕೊಳ್ಳಿ: ಇವರಿಗೆ ಹೇಳಿದರೆ ನನಗೆ ಏನು ಸಿಗಬೇಕು? ‘ಪ್ರತಿ ತಿಂಗಳು ಡಾಕ್ಟರ ಹತ್ತಿರ ಹೋಗೋಕೆ ಅರ್ಧ ದಿನ ರಜೆ’ ಅನ್ನೋದು ಒಳ್ಳೆಯ ಉತ್ತರ, ಆಗ ಅದಕ್ಕೆ ಎಷ್ಟು ಬೇಕೋ ಅಷ್ಟು ಮಾತ್ರ ಹೇಳಿದರೆ ಸಾಕು. ಕೆಲಸದ ಜಾಗದಲ್ಲಿ ಬಾಯಿ ಬಿಡುವ ಮೊದಲು ನಿಮ್ಮಲ್ಲಿ ಕಾನೂನು ಏನು ರಕ್ಷಣೆ ಕೊಡುತ್ತದೆ ಅಂತ ತಿಳಿದವರನ್ನು ಕೇಳಿ. ‘ಮನಸ್ಸಿನ ಭಾರ ಇಳಿಯಬೇಕು’ ಅನ್ನೋದೂ ಒಳ್ಳೆಯ ಉತ್ತರವೇ, ಆದರೆ ಅದಕ್ಕೆ ಆಫೀಸಿನ ಬಾಸ್ ಬೇಡ, ಕೌನ್ಸೆಲರ್ ಅಥವಾ ಇದೇ ದಾರಿಯಲ್ಲಿ ನಡೆದು ಬಂದವರು ಬೇಕು. ಉತ್ತರವೇ ಹೊಳೆಯದಿದ್ದರೆ ಇನ್ನೊಂದು ವಾರ ಕಾಯಿರಿ. ಹೇಳದ ಮಾತನ್ನು ನಾಳೆಯೂ ಹೇಳಬಹುದು, ಹೇಳಿದ ಮೇಲೆ ವಾಪಸ್ ತಗೊಳ್ಳೋಕೆ ಆಗೋದಿಲ್ಲ.

ಆ ವ್ಯಕ್ತಿ ಹೇಗೆ ಅಂತ ತಿಳಿಯೋಕೆ ಸುಲಭದ ಪರೀಕ್ಷೆ ಇದೆ. ಯಾವುದಾದರೂ ಸುದ್ದಿಯಲ್ಲಿ ಆಟಗಾರರೋ ನಟರೋ ತಮಗೆ ಡಿಪ್ರೆಶನ್ ಇತ್ತು ಅಂತ ಹೇಳಿಕೊಂಡಿದ್ದು ಬರುತ್ತಲೇ ಇರುತ್ತದೆ. ಅದನ್ನು ಎತ್ತಿ, ಸುಮ್ನೆ ಕೇಳಿಸಿಕೊಳ್ಳಿ. ‘ಎಲ್ಲಾ ದುಡ್ಡು ಜಾಸ್ತಿಯಾದವರ ನಾಟಕ’ ಅಂದರೆ ನಿಮ್ಮ ಹಣ ಸಮಯ ಎರಡೂ ಖರ್ಚಾಗದೆ ಉತ್ತರ ಸಿಕ್ಕಿತು. ‘ಪಾಪ, ನಮ್ಮ ಅತ್ತೆಗೂ ಹಾಗೇ ಆಗಿತ್ತು’ ಅಂದರೆ ಅದೂ ಉತ್ತರವೇ.

ನಾನು ಮಾಡಿದ ದೊಡ್ಡ ತಪ್ಪು ಹೇಳಿಬಿಡುತ್ತೇನೆ. ಎರಡನೇ ಸಲ ಹುಷಾರು ತಪ್ಪುವ ಹೊತ್ತಿಗೆ, ಬೆಳಗಿನ ಜಾವ ಎರಡೂವರೆಗೆ, ಅರವತ್ತು ಜನ ಇರುವ ವಾಟ್ಸಾಪ್ ಗ್ರೂಪಿನಲ್ಲಿ ನನ್ನ ಇಡೀ ಕತೆ ಬರೆದು ಹಾಕಿದ್ದೆ. ಆಗ ಅದು ಧೈರ್ಯ ಅನ್ನಿಸಿತ್ತು. ಧೈರ್ಯ ಅಲ್ಲ, ನಿದ್ದೆ ಇಲ್ಲದ ನಾಲ್ಕನೇ ರಾತ್ರಿ. ಅವತ್ತಿನಿಂದ ನನಗೊಂದು ನಿಯಮ ಇದೆ: ರಾತ್ರಿ ಒಂಬತ್ತರ ಮೇಲೆ ಯಾರಿಗೂ ಏನೂ ಹೇಳಿಕೊಳ್ಳೋದಿಲ್ಲ, ಹಿಂದಿನ ಮೂರು ದಿನ ಸರಿಯಾಗಿ ನಿದ್ದೆ ಆಗಿರದಿದ್ದರೆ ಹಗಲಲ್ಲೂ ಹೇಳೋದಿಲ್ಲ. ಮುಖಾಮುಖಿ ಹೇಳುತ್ತೇನೆ, ಬರೆದು ಕಳಿಸೋದಿಲ್ಲ. ಬರೆದಿದ್ದು ಫಾರ್ವರ್ಡ್ ಆಗುತ್ತದೆ.

ಹೇಳುವಾಗ ಮೂರು ವಾಕ್ಯ ಸಾಕು. ಏನಾಗಿತ್ತು, ಈಗ ಹೇಗಿದ್ದೇನೆ, ನಿಮ್ಮಿಂದ ಏನು ಬೇಕು. ಉದಾಹರಣೆಗೆ ನಾನು ಹೇಳೋದು ಹೀಗೆ: “ನನಗೆ ಬೈಪೋಲಾರ್ ಅಂತ ಒಂದು ಕಾಯಿಲೆ ಇದೆ, ಎರಡು ಸಲ ಜಾಸ್ತಿಯಾಗಿ ಆಸ್ಪತ್ರೆಯಲ್ಲಿದ್ದೆ. ಈಗ ಮಾತ್ರೆ ತಗೊಳ್ತೀನಿ, ಕೆಲಸ ಮಾಡ್ತೀನಿ, ಚೆನ್ನಾಗಿದ್ದೀನಿ. ಇದು ನಿಮ್ಮ ಹತ್ರಾನೇ ಇರಲಿ, ಮೊದಲಿನ ಹಾಗೇ ಮಾತಾಡಿಸಿ, ಅಷ್ಟೇ.” ಆಮೇಲೆ ಬಾಯಿ ಮುಚ್ಚಿಕೊಂಡು ಅವರಿಗೆ ಮಾತಾಡೋಕೆ ಬಿಡಿ. ಇದು ತುಂಬಾ ಕಷ್ಟ. ಆ ಮೌನ ತುಂಬೋಕೆ ಅಂತ ಅತ್ತಿದ್ದು, ಬಿದ್ದಿದ್ದು, ಬೈದಿದ್ದು ಎಲ್ಲಾ ಹೇಳಿಬಿಡಬೇಕು ಅನ್ನಿಸುತ್ತದೆ. ಹೇಳಬೇಡಿ.

‘ಮಿದುಳಿನ ಕೆಮಿಕಲ್ ಏರುಪೇರು ಅಷ್ಟೇ, ಸಕ್ಕರೆ ಕಾಯಿಲೆ ಥರ’ ಅಂತ ವಿವರಿಸಿದರೆ ಎಲ್ಲಾ ಸರಿ ಹೋಗುತ್ತದೆ ಅಂತ ನಾನೂ ನಂಬಿದ್ದೆ. ಸಂಶೋಧನೆಗಳು ಹೇಳೋದು ಬೇರೆ. ಅಂಥ ವಿವರಣೆಯಿಂದ ‘ಅವರದೇ ತಪ್ಪು’ ಅನ್ನೋ ಭಾವನೆ ಕಡಿಮೆಯಾಗುತ್ತದೆ ನಿಜ, ಆದರೆ ‘ಇದು ಯಾವತ್ತೂ ವಾಸಿಯಾಗೋದಲ್ಲ, ಇವರು ಯಾವಾಗ ಹೇಗಿರ್ತಾರೋ’ ಅನ್ನೋ ಭಯ ಕಡಿಮೆಯಾಗೋದಿಲ್ಲ, ಕೆಲವು ಸಲ ಹೆಚ್ಚೇ ಆಗುತ್ತದೆ. ಮಿದುಳಿನ ಪಾಠಕ್ಕಿಂತ ನೀವು ಈಗ ದಿನಾ ಏನು ಮಾಡಿಕೊಂಡಿದ್ದೀರಿ ಅಂತ ಹೇಳೋದು ಮೇಲು.

ಕಾಯಿಲೆಯ ಹೆಸರು ಹೇಳಬೇಕಾ ಅನ್ನೋದು ನಿಮಗೆ ಬಿಟ್ಟಿದ್ದು. ಹೆಸರಿಗೇ ಎಷ್ಟು ಭಾರ ಇರುತ್ತದೆ ಅನ್ನೋದಕ್ಕೆ ಜಪಾನ್ ನೋಡಿ. ಅಲ್ಲಿ ಸ್ಕಿಜೋಫ್ರೇನಿಯಾ ಅನ್ನೋ ಮಾನಸಿಕ ಕಾಯಿಲೆಗೆ ‘ಮನಸ್ಸು ಒಡೆದುಹೋದ ಕಾಯಿಲೆ’ ಅನ್ನೋ ಅರ್ಥದ ಹೆಸರಿತ್ತು. ಎಷ್ಟೋ ಡಾಕ್ಟರುಗಳೇ ಅದನ್ನು ರೋಗಿಗಳಿಗೆ ಹೇಳೋಕೆ ಹಿಂಜರಿಯುತ್ತಿದ್ದರು. ರೋಗಿಗಳ ಕುಟುಂಬದವರೇ ಒತ್ತಾಯ ಮಾಡಿ, 2002ರಲ್ಲಿ ಹೆಸರು ಬದಲಾಯಿತು. ತಮ್ಮ ಕಾಯಿಲೆ ಯಾವುದು ಅಂತ ಡಾಕ್ಟರಿಂದ ತಿಳಿದುಕೊಂಡವರು ಮೂರೇ ವರ್ಷದಲ್ಲಿ ನೂರಕ್ಕೆ ಸುಮಾರು 37ರಿಂದ 70ಕ್ಕೆ ಏರಿದರು. ಕಾಯಿಲೆ ಅದೇ, ಮಾತ್ರೆ ಅವೇ.

‘ಮಾತ್ರೆ ತಗೊಂಡ್ಯಾ’ಗೆ ಏನು ಮಾಡೋದು

ಇದು ಕೇಳುವವರು ಕೆಟ್ಟವರಲ್ಲ. ಅವರು ಹೆದರಿದ್ದಾರೆ. ಆದರೆ ನಮ್ಮ ಪ್ರತಿ ಕೋಪ, ಪ್ರತಿ ಖುಷಿ ಕಾಯಿಲೆಯ ಲಕ್ಷಣ ಆಗಿಬಿಟ್ಟರೆ, ಮನೆಯಲ್ಲೇ ಕೂತಿದ್ದರೂ ನಾವು ರೋಗಿಯಾಗಿಯೇ ಇರುತ್ತೇವೆ ಅಲ್ವಾ?

ನಾನು ಮಾಡಿದ್ದು ಒಂದು ಒಪ್ಪಂದ. ಚೆನ್ನಾಗಿದ್ದ ಒಂದು ದಿನ ಮನೆಯವರ ಜೊತೆ ಕೂತು, ನಿಜವಾಗಲೂ ಹೆದರಬೇಕಾದ ಲಕ್ಷಣ ಯಾವುವು ಅಂತ ಪಟ್ಟಿ ಮಾಡಿದೆವು. ಸತತ ಎರಡು ರಾತ್ರಿ ನಾಲ್ಕು ಗಂಟೆಗಿಂತ ಕಡಿಮೆ ನಿದ್ದೆ ಮಾಡಿಯೂ ಸುಸ್ತೇ ಆಗದಿರೋದು. ಒಂದೇ ದಿನದಲ್ಲಿ ಬೇಡದ ಸಾಮಾನು ಮೂರು ನಾಲ್ಕು ತರಿಸೋದು. ರಾತ್ರೋರಾತ್ರಿ ಹೊಸ ಬಿಸಿನೆಸ್ ಶುರು ಮಾಡೋ ಮಾತು. ‘ಬೇರೆಯವರ ಮಾತಿಗೆ ಅಡ್ಡ ಬಾಯಿ ಹಾಕೋದು’ ಅಂತ ನಾನೇ ಬರೆಸಿದ್ದೆ, ಅದು ಕಾಯಿಲೆಗೆ ಮೊದಲಿಂದಲೂ ಇತ್ತು ಅಂತ ಮನೆಯವರೆಲ್ಲ ಒಂದೇ ದನಿಯಲ್ಲಿ ಹೇಳಿದ್ದರಿಂದ ಅದನ್ನು ಹೊಡೆದು ಹಾಕಬೇಕಾಯಿತು.

ಒಪ್ಪಂದ ಇಷ್ಟೇ. ಆ ಪಟ್ಟಿಯಲ್ಲಿರುವುದು ಕಂಡರೆ ಇಬ್ಬರು, ಯಾರು ಅಂತ ನಾನೇ ಆರಿಸಿದ ಇಬ್ಬರು, ನನ್ನನ್ನು ನೇರವಾಗಿ ಕೇಳಬಹುದು, ನಾನು ರೇಗುವ ಹಾಗಿಲ್ಲ, ಮರುದಿನವೇ ಡಾಕ್ಟರಿಗೆ ಫೋನ್ ಮಾಡಬೇಕು. ಪಟ್ಟಿಯಲ್ಲಿ ಇಲ್ಲದ್ದಕ್ಕೆ ಯಾರೂ ಕೇಳುವ ಹಾಗಿಲ್ಲ. ನಾನು ಕಿರುಚಿದರೆ ‘ಯಾಕೆ ಕಿರುಚ್ತೀಯ’ ಅಂತ ತಿರುಗಿ ಕಿರುಚಬಹುದು. ಮೊದಲ ಸಲ ಹಾಗೆ ಸರಿಯಾಗಿ ಬೈಸಿಕೊಂಡ ದಿನ ನನಗೆ ಎಷ್ಟು ಖುಷಿಯಾಯಿತು ಅಂದರೆ ನಂಬೋದಿಲ್ಲ.

ಆಸ್ಪತ್ರೆಗಳಲ್ಲೂ ಇದೇ ಕತೆ ನಡೆಯುತ್ತದೆ. ಎದೆ ನೋವು ಅಂತ ಹೋದರೆ, ಹಳೇ ಫೈಲ್ ನೋಡಿ ‘ಟೆನ್ಶನ್ ಇರಬೇಕು’ ಅಂತ ಕಳಿಸಿಬಿಡೋದು ಎಷ್ಟೋ ದೇಶಗಳಲ್ಲಿ ಇರುವ ಸಮಸ್ಯೆ. ಮೈ ನೋವಿಗೆ ಹೋಗುವಾಗ ಜೊತೆಗೊಬ್ಬರನ್ನು ಕರೆದುಕೊಂಡು ಹೋಗಿ. ನೋವು ಯಾವತ್ತು ಶುರುವಾಯಿತು, ಎಲ್ಲಿ, ಎಷ್ಟು ಹೊತ್ತು ಅಂತ ಚೀಟಿಯಲ್ಲಿ ಬರೆದುಕೊಂಡಿರಿ. ‘ಈ ಕಾಯಿಲೆ ನನಗೆ ಇರದಿದ್ದರೆ ಯಾವ ಟೆಸ್ಟ್ ಮಾಡಿಸ್ತಿದ್ರಿ?’ ಅಂತ ಮರ್ಯಾದೆಯಿಂದ ಕೇಳಿ. ಮಾತ್ರೆಗಳ ಹೆಸರನ್ನು ಮಾತ್ರ ಮುಚ್ಚಿಡಬೇಡಿ, ಬೈಪೋಲಾರ್‌ಗೆ ಕೊಡುವ ಲಿಥಿಯಂನಂಥ ಮಾತ್ರೆಗಳ ಜೊತೆ ಕೆಲವು ಮಾಮೂಲಿ ನೋವಿನ ಮಾತ್ರೆಗಳೂ ಆಗಿಬರೋದಿಲ್ಲ.

ಕೂರೋಕೆ ಜಾಗ

ಇನ್ನು ಮುಖ್ಯ ವಿಷಯ. ಕಳಂಕ ಹೋದಮೇಲೆ ಜನರ ನಡುವೆ ಹೋಗೋಣ ಅಂತ ಕಾದರೆ ಕಾಯುತ್ತಲೇ ಇರಬೇಕು. ನಿಮಗೆ ಬೇಕಾಗಿರೋದು ನೀವು ಬರದಿದ್ದರೆ ಯಾರಿಗಾದರೂ ತೊಂದರೆಯಾಗುವಂಥ ಒಂದು ಜಾಗ. ನಿಮ್ಮನ್ನು ಸಹಿಸಿಕೊಳ್ಳುವ ಜಾಗ ಸಾಲದು.

1940ರ ದಶಕದಲ್ಲಿ ನ್ಯೂಯಾರ್ಕಿನ ಹತ್ತಿರದ ಮಾನಸಿಕ ಆಸ್ಪತ್ರೆಯೊಂದರಿಂದ ಹೊರಬಂದ ಕೆಲವರು ‘ನಾವು ಒಂಟಿಯಲ್ಲ’ ಅನ್ನೋ ಹೆಸರಿಟ್ಟುಕೊಂಡು ಸೇರುತ್ತಿದ್ದರು. 1948ರಲ್ಲಿ ಅದು ಫೌಂಟನ್ ಹೌಸ್ ಆಯಿತು. ಅಲ್ಲಿ ಬರುವವರನ್ನು ರೋಗಿ ಅನ್ನೋದಿಲ್ಲ, ಸದಸ್ಯರು ಅನ್ನುತ್ತಾರೆ. ಅಡುಗೆ, ಫೋನು, ಲೆಕ್ಕಪತ್ರ ಎಲ್ಲದರಲ್ಲೂ ಸಿಬ್ಬಂದಿಯ ಜೊತೆ ಸದಸ್ಯರೂ ಕೆಲಸ ಮಾಡುತ್ತಾರೆ. ಬೆಲ್ಜಿಯಂನ ಗೀಲ್ ಅನ್ನೋ ಊರು ಇನ್ನೂ ಹಳೆಯದು. ಮಾನಸಿಕ ಕಾಯಿಲೆ ಇರುವವರನ್ನು ಅಲ್ಲಿನ ಕುಟುಂಬಗಳು ನೂರಾರು ವರ್ಷಗಳಿಂದ ಮನೆಯಲ್ಲಿ ಇಟ್ಟುಕೊಳ್ಳುತ್ತಾ ಬಂದಿವೆ. 1938ರ ಹೊತ್ತಿಗೆ ಹಾಗೆ ಇದ್ದವರು 3,700ಕ್ಕೂ ಹೆಚ್ಚು. ಅವರನ್ನು ಕರೆಯೋದು ಬೋರ್ಡರ್ ಅಂತ, ಅಂದರೆ ಊಟ ವಸತಿಗೆ ಇರುವವರು. ಹಿಂದೆ ಅವರು ಹೊಲದಲ್ಲಿ ದುಡಿದರು, ಮನೆಯ ಮಕ್ಕಳನ್ನು ಆಡಿಸಿದರು. ಆ ಊರಿನವರು ದೇವತೆಗಳೇನಲ್ಲ, ಕೆಲಸಕ್ಕೆ ಕೈ ಬೇಕಿತ್ತು, ಸರ್ಕಾರದ ದುಡ್ಡೂ ಬರುತ್ತಿತ್ತು. ಆದರೂ ಬೆಳಗಾದರೆ ಇವರಿಗಾಗಿ ಒಂದು ಕೆಲಸ ಕಾಯುತ್ತಿತ್ತಲ್ಲ, ನನಗೆ ಹೊಟ್ಟೆಕಿಚ್ಚು ಆಗೋದು ಅದಕ್ಕೆ.

ನಿಮಗೆ ಎರಡು ಥರದ ಜಾಗ ಬೇಕು. ಒಂದು ನಮ್ಮಂಥವರೇ ಇರುವ ಗುಂಪು. ನೆದರ್ಲೆಂಡ್ಸಿನಲ್ಲಿ ಪ್ಯಾಟ್ಸಿ ಹೇಗ್ ಅನ್ನೋ ಮಹಿಳೆಗೆ ಬೇರೆ ಯಾರಿಗೂ ಕೇಳಿಸದ ದನಿಗಳು ಕಿವಿಯಲ್ಲಿ ಕೇಳಿಸುತ್ತಿದ್ದವು. ಅವರೂ ಅವರ ಡಾಕ್ಟರ್ ಮಾರಿಯುಸ್ ರೋಮ್ ಅವರೂ ಟಿವಿಯಲ್ಲಿ ಬಂದು, ಇಂಥ ಅನುಭವ ಇರುವವರು ನಮಗೆ ಫೋನ್ ಮಾಡಿ ಅಂದರು. ಸುಮಾರು 700 ಜನ ಫೋನ್ ಮಾಡಿದರು, ಅವರಲ್ಲಿ 450 ಜನರಿಗೆ ದನಿಗಳು ಕೇಳಿಸುತ್ತಿದ್ದವು. 1987ರಲ್ಲಿ ಅವರಲ್ಲಿ ಹಲವರು ಸೇರಿ ಸಭೆ ಮಾಡಿದರು, ಆಮೇಲೆ ಅದು ಎಷ್ಟೋ ದೇಶಗಳಿಗೆ ಹರಡಿತು. ‘ನನಗೊಬ್ಬಳಿಗೇ’ ಅಂತ ಅಂದುಕೊಂಡಿದ್ದ ಮನುಷ್ಯರಿಗೆ 449 ಜೊತೆಗಾರರು ಸಿಕ್ಕ ಹಾಗಾಯಿತು.

ಇಂಥ ಗುಂಪು ಇದೆಯಾ ಅಂತ ನಿಮ್ಮ ಡಾಕ್ಟರನ್ನೋ ಕೌನ್ಸೆಲರನ್ನೋ ಕೇಳಿ. ಮೂರು ಸಲ ಹೋಗುವವರೆಗೂ ತೀರ್ಮಾನ ಬೇಡ, ಮೊದಲ ಸಲ ಎಲ್ಲಾ ಗುಂಪೂ ವಿಚಿತ್ರವಾಗಿಯೇ ಕಾಣುತ್ತದೆ. ಆದರೆ ಯಾರಾದರೂ ಮಾತ್ರೆ ಬಿಡಿ ಅಂತ ಹೇಳಿದರೆ, ಒಬ್ಬರೇ ಗಂಟೆಗಟ್ಟಲೆ ಮಾತಾಡಿದರೆ, ಹೋದ ವಾರ ಬಂದವರ ಕತೆಯನ್ನು ಈ ವಾರ ನಿಮಗೆ ಹೇಳಿದರೆ (ಮುಂದಿನ ವಾರ ನಿಮ್ಮದನ್ನು ಹೇಳುತ್ತಾರೆ), ಚಪ್ಪಲಿ ಹಾಕಿಕೊಂಡು ಹೊರಡಿ. ನೀವೇ ಗುಂಪು ಶುರು ಮಾಡೋದಾದರೆ ಹೆಸರಲ್ಲಿ ಕಾಯಿಲೆಯ ಮಾತು ಬೇಡ. ಜಿಂಬಾಬ್ವೆಯಲ್ಲಿ ಡಿಕ್ಸನ್ ಚಿಬಾಂಡಾ ಅನ್ನೋ ಮನೋವೈದ್ಯರು 2006ರಲ್ಲಿ ತರಬೇತಿ ಕೊಟ್ಟ ಅಜ್ಜಿಯರನ್ನು ಆಸ್ಪತ್ರೆ ಹೊರಗಿನ ಬೆಂಚಿನ ಮೇಲೆ ಕೂರಿಸಿ ಜನರ ಕಷ್ಟ ಕೇಳಿಸೋಕೆ ಶುರು ಮಾಡಿದರು. ಮೊದಲು ಇಟ್ಟಿದ್ದು ಮಾನಸಿಕ ಆರೋಗ್ಯದ ಬೆಂಚು ಅಂತ. ಆ ಹೆಸರಿದ್ದರೆ ಯಾರು ಬಂದು ಕೂರ್ತಾರೆ ಅಂತ ಅಜ್ಜಿಯರೇ ಹೇಳಿದ ಮೇಲೆ ಅದು ಗೆಳೆತನದ ಬೆಂಚು ಆಯಿತು.

ಎರಡನೆಯದು, ಕಾಯಿಲೆಗೂ ತನಗೂ ಸಂಬಂಧವೇ ಇಲ್ಲದ ಜಾಗ. ಇದು ತುಂಬಾ ಮುಖ್ಯ, ಇದನ್ನೇ ಎಲ್ಲರೂ ಬಿಡೋದು. ಆರಿಸುವಾಗ ನಾನು ನೋಡೋದು ಇಷ್ಟು: ವಾರದಲ್ಲಿ ಒಂದು ಗೊತ್ತಾದ ದಿನ, ಗೊತ್ತಾದ ಹೊತ್ತು ಇರಬೇಕು. ಹತ್ತು ಹನ್ನೆರಡು ಜನಕ್ಕಿಂತ ಜಾಸ್ತಿ ಇರಬಾರದು. ಬರೀ ಮಾತಿನ ಜಾಗ ಆಗಿರಬಾರದು, ಕೈಗೆ ಕೆಲಸ ಇರಬೇಕು, ಮಾತು ನಿಂತಾಗ ನೋಡೋಕೆ ಏನಾದರೂ ಇರುತ್ತದೆ.

ನನಗೆ ಸಿಕ್ಕಿದ್ದು ಹಳೇ ಪುಸ್ತಕಗಳನ್ನು ಹೊಲಿದು ರಟ್ಟು ಹಾಕುವ ಒಂದು ಗುಂಪು. ಶನಿವಾರ ಮಧ್ಯಾಹ್ನ ಎರಡು ಗಂಟೆಗೆ, ಏಳು ಜನ. ಲಿಥಿಯಂ ತಗೊಂಡರೆ ಕೆಲವರಿಗೆ ಕೈ ನಡುಗುತ್ತದೆ, ನನಗೂ ನಡುಗುತ್ತದೆ. ಸೂಜಿಗೆ ದಾರ ಪೋಣಿಸೋಕೆ ಹೋಗಿ ಮೊದಲ ದಿನ ಹತ್ತು ನಿಮಿಷ ಒದ್ದಾಡಿದೆ. ಕಿವಿ ಬಿಸಿಯಾಯಿತು, ಎದ್ದು ಹೋಗೋಣ ಅನ್ನಿಸಿತು. ಪಕ್ಕದಲ್ಲಿ ಒಬ್ಬರು ಹಿರಿಯರು ಕೂತಿದ್ದರು. ಅವರು ನನ್ನ ಕಡೆ ನೋಡದೆ ತಮ್ಮ ಸೂಜಿಗೆ ದಾರ ಹಾಕಿದರು, ಇನ್ನೊಂದಕ್ಕೂ ಹಾಕಿದರು, ಅದನ್ನು ಮೇಜಿನ ಮೇಲೆ ನನ್ನ ಕಡೆ ತಳ್ಳಿ, ಗೋಂದು ಈ ಸಲ ಸರಿಯಿಲ್ಲ ಅಂತ ಗೊಣಗಿದರು. ಮುಂದಿನ ಶನಿವಾರವೂ ಹಾಗೇ ಮಾಡಿದರು. ಯಾಕೆ ಅಂತ ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ.

ಎರಡು ತಿಂಗಳಾದ ಮೇಲೆ ನಾನಾಗಿಯೇ ಒಂದು ಕೆಲಸ ಕೇಳಿದೆ: ಕೋಣೆಯ ಬೀಗದ ಕೈ ನನ್ನ ಹತ್ತಿರ ಇರಲಿ, ನಾನೇ ಬೇಗ ಬಂದು ತೆಗೆಯುತ್ತೇನೆ ಅಂತ. ಇದನ್ನು ನೀವೂ ಮಾಡಿ. ದೊಡ್ಡ ಜವಾಬ್ದಾರಿ ಬೇಡ, ಕುರ್ಚಿ ಹಾಕೋದು, ಹಾಜರಿ ಬರೆಯೋದು, ಬೀಗ ತೆಗೆಯೋದು, ಇಂಥದ್ದು. ಮಂಕು ಕವಿದ ಎಷ್ಟೋ ಶನಿವಾರ ನನ್ನನ್ನು ಹಾಸಿಗೆಯಿಂದ ಎಬ್ಬಿಸಿದ್ದು ಆತ್ಮವಿಶ್ವಾಸ ಅಲ್ಲ, ಜೇಬಲ್ಲಿದ್ದ ಬೀಗದ ಕೈ. ಒಂದು ಶನಿವಾರ ಎಬ್ಬಿಸಲಿಲ್ಲ. ಎರಡು ಗಂಟೆ ಐದು ನಿಮಿಷಕ್ಕೆ ಫೋನ್ ಬಂತು. ಹೇಗಿದ್ದೀರಿ, ಹುಷಾರಾಗಿದ್ದೀರಾ, ಏನೂ ಇಲ್ಲ. “ಎಲ್ರೀ ಇದ್ದೀರಾ, ನಾವೆಲ್ಲ ಬಿಸಿಲಲ್ಲಿ ನಿಂತಿದ್ದೀವಿ.” ನಾನು ತಲೆ ಬಾಚದೆ ಓಡಿದೆ.

ಜೋಕು, ಬೈಗುಳ

ಎಲ್ಲದಕ್ಕೂ ಜಗಳ ಆಡಬೇಡಿ. ‘ನಿನಗೇನು ತಲೆ ಕೆಟ್ಟಿದ್ಯಾ’ ಅಂತ ಜನ ದಿನಕ್ಕೆ ಹತ್ತು ಸಲ ಅಂತಾರೆ, ನಾನೂ ಅಂತೀನಿ. ‘ಅವನು ಮೆಂಟಲ್’ ಅಂತ ಒಬ್ಬ ಕಾಯಿಲೆಯವರನ್ನೇ ತೋರಿಸಿ ನಗೋದು ಬೇರೆ, ಅಲ್ಲಿ ಸುಮ್ನಿರಬಾರದು. ಭಾಷಣ ಬೇಕಿಲ್ಲ, ‘ಅದರಲ್ಲಿ ನಗೋದೇನಿದೆ?’ ಅಂತ ತಣ್ಣಗೆ ಕೇಳಿದರೆ ಸಾಕು, ಜೋಕು ವಿವರಿಸೋಕೆ ಹೋದವರು ತಾವೇ ತಡವರಿಸುತ್ತಾರೆ. ‘ಇಂಥವರು ಡೇಂಜರ್’ ಅನ್ನೋ ಮಾತಿಗೆ ಉತ್ತರ ಇಟ್ಟುಕೊಂಡಿರಿ: ಮಾನಸಿಕ ಕಾಯಿಲೆ ಇರುವವರಲ್ಲಿ ಬಹುಪಾಲು ಜನ ಯಾರ ಮೇಲೂ ಕೈ ಮಾಡುವವರಲ್ಲ, ಬೇರೆಯವರಿಂದ ಏಟು ತಿನ್ನುವ ಸಾಧ್ಯತೆಯೇ ಅವರಿಗೆ ಉಳಿದವರಿಗಿಂತ ಜಾಸ್ತಿ. ಮೈಯಲ್ಲಿ ಶಕ್ತಿ ಇಲ್ಲದ ದಿನ ಎದ್ದು ಹೊರಗೆ ಹೋಗಿ, ಅದೂ ಸರಿ.

ಜೊತೆಗಿರುವವರು ಓದುತ್ತಿದ್ದರೆ

ನಿಮಗೆ ಎರಡೇ ಮಾತು. ಜನರ ಮನಸ್ಸು ಬದಲಾಗೋದು ಪೋಸ್ಟರಿಗಿಂತ, ಭಾಷಣಕ್ಕಿಂತ ಹೆಚ್ಚಾಗಿ ಕಾಯಿಲೆ ಇರುವವರ ಜೊತೆ ಸರಿಸಮವಾಗಿ ಕೂತು ಬೆರೆತಾಗ ಅಂತ ಬೇರೆ ಬೇರೆ ದೇಶಗಳ ಅಧ್ಯಯನಗಳನ್ನೆಲ್ಲ ನೋಡಿ 2022ರಲ್ಲಿ ಲ್ಯಾನ್ಸೆಟ್ ಅನ್ನೋ ವೈದ್ಯಕೀಯ ಪತ್ರಿಕೆಯ ಆಯೋಗವೂ ಹೇಳಿತು. ಸರಿಸಮ ಅನ್ನೋದು ಮುಖ್ಯ. ಅವರಿಗೆ ಸಹಾಯ ಮಾಡೋಕೆ ಹೋಗಬೇಡಿ, ಅವರಿಂದ ಒಂದು ಸಹಾಯ ಕೇಳಿ. ಆಸ್ಪತ್ರೆಯಿಂದ ಬಂದವರನ್ನು ‘ನೀನು ಏನೂ ಮಾಡಬೇಡ, ಆರಾಮಾಗಿ ಕೂತಿರು’ ಅಂತ ತಿಂಗಳುಗಟ್ಟಲೆ ಕೂರಿಸಬೇಡಿ. ಪ್ರೀತಿಯಿಂದಲೇ ಹಾಗೆ ಮಾಡ್ತೀರಿ, ಗೊತ್ತು. ಆದರೆ ಕೂತವರಿಗೆ ತಾನು ಮನೆಯ ಸಾಮಾನಾದ ಹಾಗೆ ಅನ್ನಿಸುತ್ತದೆ.

ಮತ್ತೆ ಹುಷಾರು ತಪ್ಪಿದರೆ

ತಪ್ಪಬಹುದು. ಅದಕ್ಕೆ ಚೆನ್ನಾಗಿರುವಾಗಲೇ ಎರಡು ಕೆಲಸ ಮಾಡಿಟ್ಟುಕೊಳ್ಳಿ. ಒಂದು, ಗುಂಪಿಗೆ ಕಳಿಸಬೇಕಾದ ಮೆಸೇಜನ್ನು ಈಗಲೇ ಬರೆದು ಫೋನಿನಲ್ಲಿ ಇಟ್ಟಿರಿ. ನನ್ನದು ಹೀಗಿದೆ: “ಹುಷಾರಿಲ್ಲ, ಕೆಲವು ವಾರ ಬರೋಕಾಗಲ್ಲ, ವಾಪಸ್ ಬರ್ತೀನಿ.” ಕಾರಣ ಇಲ್ಲ, ಕ್ಷಮೆ ಇಲ್ಲ, ಸುಳ್ಳೂ ಇಲ್ಲ. ಕಳಿಸುವ ಶಕ್ತಿಯೂ ನನಗೆ ಇಲ್ಲದಿದ್ದರೆ ಮನೆಯ ಒಪ್ಪಂದದಲ್ಲಿ ನಾನು ಆರಿಸಿದ ಆ ಇಬ್ಬರಲ್ಲಿ ಒಬ್ಬರು ಕಳಿಸುತ್ತಾರೆ. ಎರಡು, ನಿಮ್ಮ ಕೆಲಸ ಯಾರಿಗೆ ಹೋಗಬೇಕು ಅಂತ ಮೊದಲೇ ಗೊತ್ತು ಮಾಡಿ. ನಾನು ಬೀಗದ ಕೈಯ ಡೂಪ್ಲಿಕೇಟ್ ಮಾಡಿಸಿ ಆ ಹಿರಿಯರ ಕೈಗೆ ಕೊಟ್ಟಿದ್ದೆ. ‘ಯಾಕೆ’ ಅಂದರು. ‘ಒಂದೊಂದು ಸಲ ನನಗೆ ಹುಷಾರು ತಪ್ಪುತ್ತೆ’ ಅಂದೆ. ‘ಆಯ್ತು’ ಅಂತ ಜೇಬಿಗೆ ಹಾಕಿಕೊಂಡರು.

ವಾಪಸ್ ಹೋಗುವ ದಿನ ಕಷ್ಟ. ಎಲ್ಲರೂ ಬಂದು ಸೇರಿದ ಮೇಲೆ ಬಾಗಿಲು ತೆಗೆದು ಒಳಗೆ ಹೋಗಬೇಡಿ, ಎಲ್ಲರ ಕಣ್ಣೂ ನಿಮ್ಮ ಮೇಲೇ ಬೀಳುತ್ತದೆ. ಹತ್ತು ನಿಮಿಷ ಮೊದಲೇ ಹೋಗಿ ಏನಾದರೂ ಕೆಲಸ ಹಿಡಿದಿರಿ. ‘ಎಲ್ಲಿ ಹೋಗಿದ್ರಿ’ ಅಂತ ಕೇಳಿದರೆ ‘ಹುಷಾರಿರಲಿಲ್ಲ, ಈಗ ಪರವಾಗಿಲ್ಲ, ಇಲ್ಲಿ ಏನು ನಡೀತು ಹೇಳಿ’ ಅಂತ ತಿರುಗಿ ಕೇಳಿ. ಮುಕ್ಕಾಲು ಜನ ತಮ್ಮ ಸುದ್ದಿ ಹೇಳೋಕೆ ಶುರು ಮಾಡುತ್ತಾರೆ.

ಕಳೆದ ವರ್ಷ ಐದು ವಾರ ನಾನು ಹೋಗಿರಲಿಲ್ಲ. ಆರನೇ ಶನಿವಾರ ಹತ್ತು ನಿಮಿಷ ಮೊದಲೇ ಹೋದೆ, ಆದರೆ ಬಾಗಿಲು ಆಗಲೇ ತೆಗೆದಿತ್ತು. ನಾನು ಅರ್ಧ ಹೊಲಿದಿದ್ದ ಪುಸ್ತಕ ನನ್ನ ಜಾಗದಲ್ಲೇ ಇತ್ತು, ಹಾರಿಹೋಗದ ಹಾಗೆ ಮೇಲೊಂದು ರಟ್ಟಿನ ತುಂಡು ಇಟ್ಟಿದ್ದರು. ಹಿರಿಯರು ತಲೆ ಎತ್ತಿ ನೋಡಿದರು, ಗೋಂದಿನ ಮುಚ್ಚಳ ಯಾರೋ ಸರಿಯಾಗಿ ಹಾಕಿಲ್ಲ, ಎಲ್ಲಾ ಒಣಗಿದೆ ಅಂದರು, ಎರಡನೇ ಸೂಜಿಗೆ ದಾರ ಹಾಕೋಕೆ ಶುರು ಮಾಡಿದರು.